ಅರ್ಧ ಬೆಲೆಯ ಜಾಕೆಟ್, ಅಪ್ಪನ ಮೌನ

ಪ್ರಶ್ನೆ: ನನಗೆ 27 ವರ್ಷ, ಊರು ಬಂಗಾರಪೇಟೆ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಕಳೆದ ಚಳಿಗಾಲದಲ್ಲಿ ಮುರುಡೇಶ್ವರದಲ್ಲಿ ಸ್ಕೂಬಾ ಕೋರ್ಸ್ ಮುಗಿಸಿದೆ, ನೇತ್ರಾಣಿ ದ್ವೀಪದ ಹತ್ತಿರ ಸಮುದ್ರಕ್ಕೆ ಇಳಿದೆ. ಆವತ್ತಿನಿಂದ ನನ್ನ ಮನಸ್ಸು ಅಲ್ಲೇ ಇದೆ. ಆಫೀಸಿನಲ್ಲಿ ಪರಿಚಯದವರೊಬ್ಬರು ವಿದೇಶಕ್ಕೆ ಹೊರಟಿದ್ದಾರೆ. ತಮ್ಮ ಡೈವಿಂಗ್ ಜಾಕೆಟನ್ನು ಹೊಸದರ ಅರ್ಧ ಬೆಲೆಗೆ ಕೊಡುತ್ತಾರಂತೆ. ಮೂರು ವರ್ಷದಿಂದ ಕಾರಿನ ಡಿಕ್ಕಿಯಲ್ಲೇ ಇದೆ, ಹೆಚ್ಚು ಬಳಸಿಯೇ ಇಲ್ಲ ಅನ್ನುತ್ತಾರೆ. ಅವರು ನನಗಿಂತ ಎತ್ತರ, ದಪ್ಪ. ಪಟ್ಟಿ ಬಿಗಿ ಮಾಡಿಕೊಂಡರೆ ಆಯಿತು ಎಂದರು. ಮನೆಯಲ್ಲಿ ಹೇಳಿದೆ. ಅಮ್ಮ ರೇಗಿದರು. ಬೆಮೆಲ್‌ನಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಅಪ್ಪ ಅಂದಿನಿಂದ ಸರಿಯಾಗಿ ಮಾತಾಡುತ್ತಿಲ್ಲ. "ನಿಮ್ಮ ತಾತ ಚಾಂಪಿಯನ್ ರೀಫ್ ಗಣಿಗೆ ಇಳಿದಾಗೆಲ್ಲ ನಾನು ಬಾಗಿಲಲ್ಲಿ ಕೂತು ಕಾದಿದ್ದು ಸಾಲದಾ, ಈಗ ನೀನು ನೀರಿಗಿಳೀತೀಯಾ?" ಎಂದು ಅಜ್ಜಿ ಕೇಳಿದರು. ನಮಗೆ ನಲ್ಲಿ ನೀರು ವಾರಕ್ಕೊಮ್ಮೆ, ಉಳಿದಂತೆ ಟ್ಯಾಂಕರ್. ಜಾಕೆಟ್ ತೊಳೆಯಲು ತುಂಬಾ ನೀರು ಬೇಕಂತೆ. ಗೆಳೆಯರು, "ತಗೋ, ಬೇತಮಂಗಲ ಕೆರೆಯಲ್ಲೇ ಪ್ರಾಕ್ಟೀಸ್ ಮಾಡಬಹುದು" ಅನ್ನುತ್ತಾರೆ. ಕೊಳ್ಳಲೇ, ಬಿಡಲೇ?
– ಹೆಸರು ಬೇಡ, ಬಂಗಾರಪೇಟೆ

ಉತ್ತರ: ಸಹೋದರಿ, ಆ ಜಾಕೆಟನ್ನು ಕೊಳ್ಳಬೇಡಿ. ಡೈವಿಂಗನ್ನು ಬಿಡಲೂ ಬೇಡಿ. ನಿಮ್ಮ ಮನೆಯಲ್ಲಿ ಈ ಎರಡು ಮಾತು ಒಂದರೊಳಗೊಂದು ಸಿಕ್ಕಿಕೊಂಡಿವೆ. ಅದರಿಂದಲೇ ಜಾಕೆಟ್ ಬೇಡವೆಂದರೆ ಸಮುದ್ರವೇ ಬೇಡವೆಂದಂತೆ ನಿಮಗೆ ಕೇಳಿಸುತ್ತಿದೆ, ಜಾಕೆಟ್ ಬೇಕೆಂದರೆ ಜೀವದ ಹಂಗೇ ಇಲ್ಲವೆಂದಂತೆ ಅವರಿಗೆ ಕೇಳಿಸುತ್ತಿದೆ.

ಹೆಸರು ಜಾಕೆಟ್ ಎಂದಿರುವುದರಿಂದ ಅದನ್ನು ಉಡುಪು ಎಂದುಕೊಳ್ಳುವವರೇ ಹೆಚ್ಚು. ನಿಮ್ಮ ಪರಿಚಯದವರೂ ಹಾಗೇ ಅಂದುಕೊಂಡಂತಿದೆ, ಇಲ್ಲವಾದರೆ ಪಟ್ಟಿ ಬಿಗಿ ಮಾಡಿದರೆ ಆಯಿತು ಎನ್ನುತ್ತಿರಲಿಲ್ಲ. ನೀರಿನೊಳಗೆ ನೀವು ಯಾವ ಆಳದಲ್ಲಿ ನಿಲ್ಲಬೇಕೆಂಬುದನ್ನು ನಿಮ್ಮ ಹಿಡಿತದಲ್ಲಿ ಇಡುವ ಯಂತ್ರ ಅದು. ಡೈವರ್‌ಗಳು ಬಿಸಿಡಿ ಎನ್ನುವುದು ಇದಕ್ಕೇ. 1961ರಲ್ಲಿ ಫ್ರಾನ್ಸಿನ ಮಾರಿಸ್ ಫೆಂಜಿ ಎದೆಯ ಮೇಲೆ ಕಟ್ಟಿಕೊಳ್ಳುವ ಗಾಳಿಚೀಲ ಮಾಡುವವರೆಗೆ ಡೈವರ್‌ಗಳಿಗೆ ಸೀಸದ ತೂಕ ಮತ್ತು ಸ್ವಂತ ಶ್ವಾಸಕೋಶಗಳೇ ಗತಿಯಾಗಿದ್ದವು. ತೋಳು ತೂರಿಸಿ ಹಾಕಿಕೊಳ್ಳುವ ಈಗಿನ ರೀತಿಯ ಜಾಕೆಟನ್ನು ಸ್ಕೂಬಾಪ್ರೋ ಕಂಪನಿ 1971ರಲ್ಲಿ ತಂದಿತು. ಬೆನ್ನಿನ ಸಿಲಿಂಡರ್ ಕೂರುವುದು ಅದರ ಮೇಲೆ, ಮುಳುಗುವುದಕ್ಕೂ ತೇಲುವುದಕ್ಕೂ ನಡುವೆ ನೀವು ನಿಲ್ಲುವುದು ಅದರೊಳಗಿನ ಗಾಳಿಯಿಂದ.

ಆ ಗಾಳಿ ಸುಮ್ಮನಿರುವುದಿಲ್ಲ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ, 20 ಮೀಟರಿನಲ್ಲಿ ಮೂರರಷ್ಟು. ಹಾಗಾಗಿ 10 ಮೀಟರಿನಲ್ಲಿ ಜಾಕೆಟಿಗೆ ತುಂಬಿದ ಒಂದು ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗಿ ಉಬ್ಬಿರುತ್ತದೆ. ಉಬ್ಬಿದಷ್ಟೂ ನಿಮ್ಮನ್ನು ಮೇಲಕ್ಕೆ ಎಳೆಯುತ್ತದೆ, ಮೇಲಕ್ಕೆ ಹೋದಷ್ಟೂ ಇನ್ನೂ ಉಬ್ಬುತ್ತದೆ. ಜಾಕೆಟಿಗೆ ಗಾಳಿ ತುಂಬುವ ಇನ್‌ಫ್ಲೇಟರಿನ ಗುಂಡಿ ಉಪ್ಪು ಕಟ್ಟಿ ಒತ್ತಿದಲ್ಲೇ ನಿಂತುಬಿಟ್ಟರೆ ಸಿಲಿಂಡರಿನ ಗಾಳಿ ತಡೆಯಿಲ್ಲದೆ ಚೀಲಕ್ಕೆ ನುಗ್ಗುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡಿ ಎಂದು ನಿಮಗೆ ಕಲಿಸಿದ್ದಾರಲ್ಲ, ಆ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಶ್ವಾಸಕೋಶಕ್ಕೆ ಪೆಟ್ಟಾಗಬಹುದು, ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಬಹುದು. ಹೀಗಾದಾಗ ಇನ್‌ಫ್ಲೇಟರಿಗೆ ಗಾಳಿ ತರುವ ಹೋಸನ್ನು ಕಿತ್ತು, ಗಾಳಿ ಬಿಡುವ ದಾರವನ್ನು ಎಳೆಯಬೇಕು. ಅದಕ್ಕೆ ಕೈ ಆ ದಾರಕ್ಕೆ ತಾನಾಗಿ ಹೋಗಬೇಕು, ತಡಕಾಡುವಂತಿರಬಾರದು.

ಅದಕ್ಕೇ ಅಳತೆಗೆ ಇಷ್ಟು ಬೆಲೆ. ಎತ್ತರದ ಗಂಡಸಿನ ಜಾಕೆಟನ್ನು ಸಣ್ಣ ಮೈಯ ಹೆಣ್ಣುಮಗಳು ಹಾಕಿಕೊಂಡರೆ ಏನಾಗುತ್ತದೆ ಗೊತ್ತೇ? ಪಟ್ಟಿಗಳನ್ನೆಲ್ಲ ಕೊನೆಯವರೆಗೆ ಎಳೆದರೂ ಗಾಳಿ ತುಂಬಿದಾಗ ಅದು ಮೈಬಿಟ್ಟು ಕಿವಿಯವರೆಗೆ ಏರುತ್ತದೆ. ನೀರಿನ ಮೇಲೆ ತೇಲುವಾಗ ಗಲ್ಲಕ್ಕೆ ಒತ್ತುತ್ತದೆ. ಸಿಲಿಂಡರ್ ಬೆನ್ನ ಮೇಲೆ ಆಚೀಚೆ ಹೊರಳಿ ನಿಮ್ಮನ್ನು ಮಗ್ಗುಲಾಗಿಸುತ್ತದೆ. ದಾರಗಳೂ ಗುಂಡಿಗಳೂ ನಿಮ್ಮ ಕೈ ಎಂದುಕೊಂಡ ಜಾಗದಲ್ಲಿರುವುದಿಲ್ಲ. ಹೆಂಗಸರಿಗೆಂದೇ ಮಾಡಿದ ಜಾಕೆಟ್‌ಗಳಿವೆ. ಬೆನ್ನಿನ ಉದ್ದ ಕಡಿಮೆ, ಭುಜದ ಪಟ್ಟಿ ಎದೆಯ ಮೇಲೆ ಹಾಯದೆ ಬದಿಗೆ ಬಾಗಿ ಹೋಗುತ್ತದೆ. ಮೊದಲು ಅವನ್ನು ಬಾಡಿಗೆಗೆ ಕೇಳಿ ಹಾಕಿ ನೋಡಿ.

ಇನ್ನು ಆ ಮೂರು ವರ್ಷದ ಡಿಕ್ಕಿವಾಸ. ಹೊರಗೆ ಕಾಣುವುದು ನೈಲಾನ್ ಬಟ್ಟೆ, ಅದು ಗಟ್ಟಿಯೇ. ಗಾಳಿ ಹಿಡಿಯುವುದು ಒಳಮೈಗೆ ಬಳಿದ ಪಾಲಿಯುರಿಥೇನ್ ಪದರ. ಸೆಕೆ ಮತ್ತು ತೇವ ಎರಡೂ ಸೇರಿದರೆ ಆ ಪದರ ಕ್ರಮೇಣ ಅಂಟಂಟಾಗಿ ಕಿತ್ತುಬರುತ್ತದೆ. ಬಿಸಿಲಲ್ಲಿ ನಿಲ್ಲುವ ಕಾರಿನ ಡಿಕ್ಕಿಗಿಂತ ಕೆಟ್ಟ ಜಾಗ ಅದಕ್ಕೆ ಬೇರೆ ಇಲ್ಲ. ಕೊನೆಯ ಸಲ ಬಳಸಿದಾಗ ಒಳಗೆ ಉಳಿದ ಸಮುದ್ರದ ನೀರನ್ನು ಬಸಿದಿರದಿದ್ದರೆ ಇಷ್ಟರಲ್ಲಿ ಅದು ಉಪ್ಪಿನ ಹರಳಾಗಿ ಕೂತಿರುತ್ತದೆ, ಬೂಷ್ಟೂ ಹಿಡಿದಿರುತ್ತದೆ. "ಬಳಸಿಯೇ ಇಲ್ಲ" ಎಂಬ ಮಾತು ಬೇರೆ ಸಾಮಾನಿಗೆ ಹೊಗಳಿಕೆ, ಇದಕ್ಕಲ್ಲ. ವರ್ಷವರ್ಷ ಬಳಸಿ, ತೊಳೆದು, ಸರ್ವಿಸ್ ಮಾಡಿಸಿದ ಐದು ವರ್ಷದ ಜಾಕೆಟನ್ನು ನಾನು ಇದಕ್ಕಿಂತ ಹೆಚ್ಚು ನಂಬುತ್ತೇನೆ.

ಮುಂದೆಂದಾದರೂ ನಿಮ್ಮ ಅಳತೆಯದೇ ಹಳೆಯ ಜಾಕೆಟ್ ಸಿಗಬಹುದು. ಆಗ ನೋಡಬೇಕಾದ್ದು ಇಷ್ಟು. ಇನ್‌ಫ್ಲೇಟರಿನ ಬಾಯಿಗೆ ಮೂಗಿಟ್ಟು ನೋಡಿ, ಹುಳಿ ವಾಸನೆ ಬಂದರೆ ಕೈಬಿಡಿ. ಜಾಕೆಟನ್ನು ಹಾಕಿಕೊಂಡು ಬಾಯಿಯಿಂದ ಊದಿ, ಹೆಚ್ಚಾದ ಗಾಳಿ ತಾನಾಗಿ ಹೊರಹೋಗುವ ವಾಲ್ವ್ ಬುಸ್ಸೆನ್ನುವವರೆಗೂ ತುಂಬಿ. ಆಗಲೂ ನೀವು ಎದೆ ತುಂಬ ಉಸಿರೆಳೆದುಕೊಳ್ಳಲು ಆಗಬೇಕು. ಆಗದಿದ್ದರೆ ಅದು ನಿಮ್ಮ ಜಾಕೆಟಲ್ಲ. ಕಣ್ಣು ಮುಚ್ಚಿ ಪ್ರತಿ ದಾರವನ್ನೂ ಹುಡುಕಿ ಎಳೆಯಿರಿ. ತೂಕ ಇಡುವ ಜೇಬುಗಳಿದ್ದರೆ ಸೀಸ ತುಂಬಿ, ಜಾಕೆಟ್ ಹಾಕಿಕೊಂಡೇ ಬಗ್ಗಿ ಎದ್ದು ನೋಡಿ. ಕೊಂಡಿ ಸವೆದ ಜೇಬು ನೀರಿನೊಳಗೆ ಜಾರಿಬಿದ್ದರೆ ನೀವು ಮೇಲಕ್ಕೆ ಚಿಮ್ಮುತ್ತೀರಿ. ಆಮೇಲೆ ಗಾಳಿ ತುಂಬಿದ ಜಾಕೆಟನ್ನು ರಾತ್ರಿಯಿಡೀ ಹಾಗೇ ಬಿಡಿ. ಕೋಲಾರದ ಕಡೆಯ ರಾತ್ರಿ ತಣ್ಣಗಿರುತ್ತದೆ, ಬೆಳಿಗ್ಗೆ ಅದು ಒಂಚೂರು ಮೆತ್ತಗಾಗಿದ್ದರೆ ಗಾಬರಿಯಾಗಬೇಡಿ, ಗಾಳಿ ತಣಿದರೆ ಕುಗ್ಗುತ್ತದೆ. ಜೋತುಬಿದ್ದಿದ್ದರೆ ಮಾತ್ರ ಎಲ್ಲೋ ಸೋರುತ್ತಿದೆ ಎಂದು ಅರ್ಥ.

ಈ ಕೊನೆಯ ಪರೀಕ್ಷೆಯನ್ನು ನೀವು ಮಾಡಬೇಡಿ, ಅಪ್ಪನ ಕೈಲಿ ಮಾಡಿಸಿ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅವರ ಮೌನ. ಬುಲ್‌ಡೋಜರ್, ಎಕ್ಸ್‌ಕವೇಟರ್ ಮಾಡುವ ಕಾರ್ಖಾನೆಯಲ್ಲಿ ಆಯುಷ್ಯ ಕಳೆದ ಫಿಟ್ಟರ್ ಅವರು. ಒಂದು ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ, ಒಣಗಿ ಬಿರುಕುಬಿಟ್ಟರೆ ಎಷ್ಟು ದೊಡ್ಡ ಯಂತ್ರ ನಿಲ್ಲುತ್ತದೆಂದು ನಿಮಗಿಂತ, ನನಗಿಂತ ಚೆನ್ನಾಗಿ ಬಲ್ಲವರು. ತಾನು ಎಂದೂ ಕಾಣದ ಯಾವುದೋ ಯಂತ್ರಕ್ಕೆ ಮಗಳು ಜೀವ ಒಪ್ಪಿಸುತ್ತಾಳೆ, ಅದನ್ನು ತಾನು ಬಿಚ್ಚಿ ನೋಡಿಲ್ಲ, ಮುಟ್ಟಿಯೂ ಇಲ್ಲ. ಅವರ ಸಂಕಟ ಅಲ್ಲಿರಬಹುದು ಎಂದು ನನಗನ್ನಿಸುತ್ತದೆ. ಮುಂದಿನ ಸಲ ಬೆಂಗಳೂರಿನ ಡೈವಿಂಗ್ ಅಂಗಡಿಗೆ ಹೋಗುವಾಗ ಅವರನ್ನೂ ರೈಲಿನಲ್ಲಿ ಕರೆದುಕೊಂಡು ಹೋಗಿ. ಜಾಕೆಟನ್ನು ಅವರ ತೊಡೆಯ ಮೇಲಿಡಿ. ಗಾಳಿ ಬಿಡುವ ವಾಲ್ವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಒಳಗಿನ ಸ್ಪ್ರಿಂಗ್, ರಬ್ಬರ್ ಬಿಲ್ಲೆಗಳನ್ನು ಅವರೇ ನೋಡಲಿ. ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗ ಹುಡುಕುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವರನ್ನು ತಡೆಯಿರಿ. ಕಾರ್ಖಾನೆಯ ಗ್ರೀಸ್ ಬೇಡ. ಪೆಟ್ರೋಲಿಯಂ ಎಣ್ಣೆ ಕೆಲವು ಬಗೆಯ ರಬ್ಬರನ್ನು ತಿನ್ನುತ್ತದೆ. ಓ-ರಿಂಗಿಗೆ ಬೇಕಿರುವುದು ಸಿಲಿಕೋನ್ ಗ್ರೀಸ್, ಅದೂ ಬೆರಳಿಗೆ ಹತ್ತಿದಷ್ಟೇ. ಇನ್‌ಫ್ಲೇಟರಿನ ಒಳಭಾಗವನ್ನಂತೂ ಯಾರೂ ಮನೆಯಲ್ಲಿ ಬಿಚ್ಚಬಾರದು. ವರ್ಷಕ್ಕೊಮ್ಮೆ ತರಬೇತಿ ಪಡೆದವರ ಬಳಿ ಕೊಟ್ಟು ಸರ್ವಿಸ್ ಮಾಡಿಸಬೇಕು. ಕೊಳ್ಳುವ ಮುಂಚೆ, ಆ ಕಂಪನಿಯ ಬಿಡಿಭಾಗ ಇಲ್ಲಿ ಸಿಗುತ್ತದೆಯೇ, ಸರ್ವಿಸ್ ಮಾಡುವವರು ಇದ್ದಾರೆಯೇ ಎಂದು ಕೇಳುವ ಕೆಲಸವನ್ನೂ ಅಪ್ಪನಿಗೇ ಬಿಡಿ. ಕೇಳಬೇಕಾದ ರೀತಿಯಲ್ಲಿ ಕೇಳುತ್ತಾರೆ.

ಅಜ್ಜಿಯ ಮಾತಿಗೆ ನನ್ನಲ್ಲಿ ಸಮಾಧಾನ ಇಲ್ಲ, ಇರಬೇಕೆಂದೂ ಅನ್ನಿಸುವುದಿಲ್ಲ. ನೆಲದಿಂದ ಸುಮಾರು 3,200 ಮೀಟರ್ ಆಳಕ್ಕೆ ಹೋಗಿದ್ದ ಕೆ.ಜಿ.ಎಫ್.ನ ಚಿನ್ನದ ಗಣಿ ಅದು. ಬಂಡೆ ಸಿಡಿದ ಸದ್ದಿಗೆ ಮೇಲೆ ಮನೆಗಳೇ ನಡುಗುತ್ತಿದ್ದ ಊರಿನಲ್ಲಿ ಬಾಗಿಲಲ್ಲಿ ಕೂತು ಕಾದವರ ಭಯವನ್ನು ಎರಡು ಮಾತಿನಲ್ಲಿ ತೊಡೆಯಲಾಗದು. ಆದರೆ ಅವರಿಗೆ ಅರ್ಥವಾಗುವ ಒಂದು ಸಂಗತಿ ಇದೆ. ಗಣಿಗಿಳಿಯುವ ಮುನ್ನ ಲ್ಯಾಂಪ್ ರೂಮಿನಲ್ಲಿ ದೀಪ ಪಡೆದು, ಅದು ಉರಿಯುತ್ತದೆಯೇ ಎಂದು ನೋಡಿ, ಟೋಕನ್ ಇಟ್ಟು ಹೋಗುವುದು ಹೇಗೋ, ಹಾಗೆ ನೀರಿಗಿಳಿಯುವ ಮುನ್ನ ನಿಮ್ಮ ಜೊತೆಗಾರರು ನಿಮ್ಮನ್ನು, ನೀವು ಅವರನ್ನು ತಪಾಸಣೆ ಮಾಡುತ್ತೀರಿ. ಜಾಕೆಟಿಗೆ ಗಾಳಿ ತುಂಬುತ್ತದೆಯೇ, ಬಿಡುತ್ತದೆಯೇ, ತೂಕ ಸರಿಯಾಗಿದೆಯೇ, ಬಕಲ್‌ಗಳು ಬಿದ್ದಿವೆಯೇ, ಸಿಲಿಂಡರ್ ತೆರೆದಿದೆಯೇ, ಒಮ್ಮೆ ಮೇಲಿಂದ ಕೆಳಗೆ ನೋಟ. ಇದನ್ನು ಅಜ್ಜಿಗೆ ಒಂದು ಸಂಜೆ ಮಾಡಿ ತೋರಿಸಿ. ಯಾರ ಜೊತೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ದೋಣಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂಬುದನ್ನೂ ಹೇಳಿ, ಆ ಹೊತ್ತಿಗೆ ತಪ್ಪದೆ ಮಾಡಿ. ಕಾಯುವವರಿಗೆ ಗಂಟೆ ಗೊತ್ತಿರಬೇಕು.

ಗೆಳೆಯರು ಕೊಟ್ಟ ಸಲಹೆಗೆ ಬರುತ್ತೇನೆ. ಇದನ್ನು ಖಂಡಿತವಾಗಿ ಹೇಳುತ್ತೇನೆ, ಕೆರೆಗೆ ಇಳಿಯಬೇಡಿ. ಬೇತಮಂಗಲ ಪಾಲಾರ್ ನದಿಯ ನೀರು ನಿಲ್ಲುವ ಜಾಗ, ಕೆ.ಜಿ.ಎಫ್. ಜನ ಕುಡಿದ ನೀರು ಅದು. ಜಿಲ್ಲೆಯ ಎಷ್ಟೋ ಕೆರೆಗಳು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ತುಂಬಿವೆ. ಕೆರೆಯ ತಳ ಹೂಳು. ಒಮ್ಮೆ ಕಾಲಾಡಿಸಿದರೆ ಕೈಚಾಚಿದಷ್ಟು ದೂರವೂ ಕಾಣುವುದಿಲ್ಲ. ಮೀನಿನ ಬಲೆ, ಜೊಂಡು, ಮುಳುಗಿದ ಜಾಲಿಮರ ಇವೆಲ್ಲ ಕಾಲಿಗೆ ತೊಡರುತ್ತವೆ. ಕಲ್ಲುಕ್ವಾರಿಯ ಹೊಂಡವೂ ಅಷ್ಟೇ ಅಪಾಯ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ಪಂಪುಗಳು ನಿಂತ ಮೇಲೆ ನೀರು ತುಂಬಿಕೊಂಡ ಸುರಂಗಗಳ ಬಗ್ಗೆ ಹುಡುಗರು ಸಾಹಸದ ಮಾತಾಡುವುದನ್ನು ಕೇಳಿದ್ದೇನೆ. ಆ ಯೋಚನೆಯೂ ಬೇಡ.

ಇನ್ನೊಂದು ಕಾರಣವೂ ಇದೆ, ನಿಮ್ಮ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರ. 300 ಮೀಟರ್ ದಾಟಿದ ಮೇಲೆ ಡೈವಿಂಗ್ ಲೆಕ್ಕಗಳೇ ಬೇರೆ, ಅದಕ್ಕೆ ಬೇರೆ ತರಬೇತಿ ಬೇಕು. ಸಿಹಿನೀರಿನಲ್ಲಿ ನೀವು ಸಮುದ್ರದಲ್ಲಿ ತೇಲುವಷ್ಟು ತೇಲುವುದೂ ಇಲ್ಲ. ಅಲ್ಲಿ ಸರಿಯಾಗಿದ್ದ ಸೀಸ ಇಲ್ಲಿ ಎರಡು ಕಿಲೋ ಹೆಚ್ಚಾಗಿ ನಿಮ್ಮನ್ನು ತಳಕ್ಕೆ ಎಳೆಯುತ್ತದೆ. ಅಭ್ಯಾಸ ಬೇಕಿದ್ದರೆ ಬೆಂಗಳೂರಿನ ಈಜುಕೊಳದಲ್ಲಿ, ಶಿಕ್ಷಕರ ಎದುರಿನಲ್ಲಿ ಮಾಡಿ.

ಈಗ ನೀರಿನ ಪ್ರಶ್ನೆ. ಟ್ಯಾಂಕರ್ ನೀರನ್ನು ಅಳೆದು ಬಳಸುವ ಮನೆಯಲ್ಲಿ ಇದು ನಾಚಿಕೆಯ ಪ್ರಶ್ನೆಯಲ್ಲ, ಮೊದಲು ಕೇಳಬೇಕಾದ ಪ್ರಶ್ನೆ. ತೊಳೆಯುವ ಕೆಲಸದ ಮುಕ್ಕಾಲು ಪಾಲನ್ನು ಮುರುಡೇಶ್ವರದಲ್ಲೇ ಮುಗಿಸಬಹುದು. ಡೈವಿಂಗ್ ಕೇಂದ್ರಗಳಲ್ಲಿ ಸಲಕರಣೆ ಅದ್ದಲು ಸಿಹಿನೀರಿನ ತೊಟ್ಟಿ ಇರುತ್ತದೆ, ಬುಕ್ ಮಾಡುವಾಗ ಕೇಳಿಕೊಳ್ಳಿ. ಉಪ್ಪು ಒಣಗುವ ಮುಂಚೆ ಜಾಕೆಟನ್ನು ಅರ್ಧ ಗಂಟೆ ಅದರಲ್ಲಿ ನೆನೆಹಾಕಿ, ಗುಂಡಿಗಳನ್ನು ಒತ್ತಿ ಒತ್ತಿ ಬಿಡಿ, ಜಿಪ್‌ಗಳನ್ನು ಎಳೆದಾಡಿ. ತೊಟ್ಟಿಯ ನೀರು ಹತ್ತು ಜನರ ಉಪ್ಪು ಕಂಡಿರುತ್ತದೆ, ಕೊನೆಗೊಮ್ಮೆ ನಲ್ಲಿ ನೀರು ಹಿಡಿಯಿರಿ.

ಅಲ್ಲಿಂದ ಹೊರಡುವ ಅವಸರವೂ ಬೇಡ. ಬೆಳಿಗ್ಗೆ ನೀರಿಗಿಳಿದು ಸಂಜೆಯೇ ಘಟ್ಟ ಹತ್ತುವ ರೈಲು ಹಿಡಿಯುವವರು ಬಹಳ. ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ 18 ಗಂಟೆ ಕಾಯಬೇಕೆಂಬ ನಿಯಮವಿದೆ. ಘಟ್ಟ ವಿಮಾನದಷ್ಟು ಎತ್ತರವಲ್ಲ ನಿಜ, ಆದರೂ ಗಾಳಿಯ ಒತ್ತಡ ಅಲ್ಲೂ ಇಳಿಯುತ್ತದೆ. ಒಂದು ರಾತ್ರಿ ಅಲ್ಲೇ ಇರಿ. ನಿಮ್ಮ ಮೈಯಿಂದ ಸಾರಜನಕ ಹೋಗಲು ಬೇಕಾದ ಹೊತ್ತೇ ಜಾಕೆಟಿನಿಂದ ನೀರು ಬಸಿಯಲೂ ಬೇಕು. ಒದ್ದೆ ಜಾಕೆಟನ್ನು ಚೀಲಕ್ಕೆ ತುರುಕಿ ರಾತ್ರಿಯಿಡೀ ಪ್ರಯಾಣ ಮಾಡಿಸಿದರೆ ಅದು ಬೂಷ್ಟಿಗೆ ಕೊಟ್ಟ ಆಹ್ವಾನ.

ಮನೆಗೆ ಬಂದ ಮೇಲೆ ಉಳಿಯುವುದು ಒಳಗಿನ ತೊಳೆತ. ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ, ಯಾಕೆಂದರೆ ಕಾಣುವುದಿಲ್ಲ. ಪ್ರತಿ ಸಲ ಗಾಳಿ ಬಿಡುವಾಗ ಒಂದಿಷ್ಟು ಸಮುದ್ರದ ನೀರು ಚೀಲದೊಳಗೆ ಸೇರಿರುತ್ತದೆ. ಇದಕ್ಕೆ ಕೊಳವೆಬಾವಿಯ ನೀರು ಹಾಕಬೇಡಿ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಬಿಂದಿಗೆಯ ಒಳಮೈ ನೋಡಿದರೇ ಗೊತ್ತಾಗುತ್ತದೆ, ಅದೇ ಬಿಳಿ ಪೊರೆ ವಾಲ್ವುಗಳ ಮೇಲೂ ಕೂರುತ್ತದೆ. ಬೀದಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಸಾಕು, 20 ಲೀಟರಿನಲ್ಲಿ ಒಳಗಿನ ಕೆಲಸವೂ ಆಗಿ ಇನ್‌ಫ್ಲೇಟರ್ ತೊಳೆಯಲೂ ಉಳಿಯುತ್ತದೆ. ಗಾಳಿ ಬಿಡುವ ಗುಂಡಿ ಒತ್ತಿ ಹಿಡಿದು ಹೋಸಿನ ಬಾಯಿಂದ ಐದಾರು ಲೀಟರ್ ಸುರಿಯಿರಿ. ಬಾಯಿಯಿಂದ ಊದಿ ಉಬ್ಬಿಸಿ. ಎಲ್ಲ ಮೂಲೆಗೂ ನೀರು ತಾಕುವಂತೆ ಕುಲುಕಿ. ತಲೆಕೆಳಗಾಗಿ ಹಿಡಿದು ಹೋಸಿನಿಂದಲೂ ಬೇರೆ ವಾಲ್ವುಗಳಿಂದಲೂ ನೀರು ಬಿಡಿ. ಇನ್ನೊಮ್ಮೆ ಹಾಗೇ ಮಾಡಿ. ಹೊರಬಂದ ನೀರನ್ನು ನಾಲಿಗೆಗೆ ಹಚ್ಚಿ ನೋಡಬೇಡಿ, ಒಳಗೆ ಬ್ಯಾಕ್ಟೀರಿಯಾ ಇರಬಹುದು. ಆ ನೀರು ಗಿಡಕ್ಕೆ ಬೇಡ, ಶೌಚಾಲಯಕ್ಕೆ ಸುರಿಯಿರಿ, ಅಮ್ಮನಿಗೂ ಒಂದು ಬಕೆಟ್ ಉಳಿತಾಯ.

ಒಣಗಿಸುವ ಜಾಗದ ಬಗ್ಗೆ ಒಂದು ಮಾತು. ಬಿಸಿಲು ಬೇಡ, ಬಣ್ಣವನ್ನೂ ದಾರವನ್ನೂ ತಿನ್ನುತ್ತದೆ. ತಗಡು ಅಥವಾ ಶೀಟಿನ ಮಾಡಿನ ಕೆಳಗಿನ ಅಟ್ಟವೂ ಬೇಡ, ಏಪ್ರಿಲ್‌ನಲ್ಲಿ ಅದು ಒಲೆಯಾಗುತ್ತದೆ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಕಡೆ ನೆಂಟರಿದ್ದು ಅವರ ಮನೆಯಲ್ಲಿ ಇಡುವ ಯೋಚನೆಯಿದ್ದರೆ ಗಾಳಿಕಾಲದಲ್ಲಿ ತಾರಸಿಯ ಮೇಲೆ ಹಾಕಲೇಬೇಡಿ. ಗಣಿತ್ಯಾಜ್ಯದ ಸೈನೈಡ್ ದಿಬ್ಬಗಳ ಹಿಟ್ಟಿನಂಥ ಧೂಳು ಅಲ್ಲಿಯವರ ಅನ್ನದ ತಟ್ಟೆಗೇ ಬಂದು ಕೂರುತ್ತದೆ, ಒದ್ದೆ ವಾಲ್ವನ್ನು ಬಿಡುತ್ತದೆಯೇ? ನೆರಳಿರುವ, ಗಾಳಿಯಾಡುವ ಕೋಣೆಯಲ್ಲಿ ಅಗಲವಾದ ಹ್ಯಾಂಗರಿಗೆ ತೂಗುಹಾಕಿ. ಒಳಪದರಗಳು ಒಂದಕ್ಕೊಂದು ಅಂಟದಂತೆ ಅರ್ಧದಷ್ಟು ಗಾಳಿ ತುಂಬಿ. ಮಡಚಿ ಮೇಲೆ ಟ್ರಂಕ್ ಇಡಬೇಡಿ, ಇಲಿಗೆ ಸಿಗುವಂತೆಯೂ ಇಡಬೇಡಿ. ಬಳಸದಿದ್ದರೂ ಮಳೆಗಾಲದ ನಡುವೆ ಒಮ್ಮೆ ಊದಿ ನೋಡಿ.

ಇಷ್ಟನ್ನೂ ಓದಿದ ಮೇಲೆ ಒಂದು ಲೆಕ್ಕ ಹಾಕಿ. ನೇತ್ರಾಣಿಗೆ ದೋಣಿ ಹೋಗುವುದು ಮಳೆಗಾಲ ಕಳೆದ ಮೇಲೆ, ಅಕ್ಟೋಬರಿನಿಂದ ಮೇ ತನಕ. ಅದರಲ್ಲಿ ನಿಮಗೆ ರಜೆ ಸಿಕ್ಕಿ, ದುಡ್ಡು ಹೊಂದಿ, ಎಷ್ಟು ಸಲ ಹೋಗುತ್ತೀರಿ? ವರ್ಷಕ್ಕೆ ಒಂದೆರಡು ಸಲವಾದರೆ ಬಾಡಿಗೆಯೇ ಮೇಲು. ಡೈವಿಂಗ್ ಶುಲ್ಕದಲ್ಲಿ ಸಾಮಾನ್ಯವಾಗಿ ಜಾಕೆಟ್ ಸೇರಿಯೇ ಇರುತ್ತದೆ. ಸ್ವಂತಕ್ಕೆ ಮೊದಲು ಬೇಕಾದ್ದು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಮೇಲೆ ಡೈವ್ ಕಂಪ್ಯೂಟರ್. ಪ್ರತಿ ಬಾಡಿಗೆ ಜಾಕೆಟಿನ ಕಂಪನಿ, ಅಳತೆ, ನಿಮಗೆ ಬೇಕಾದ ಸೀಸ ಎಷ್ಟು ಎಂಬುದನ್ನು ಲಾಗ್ ಪುಸ್ತಕದಲ್ಲಿ ಬರೆದಿಡಿ. ಕೆಲವು ಪ್ರವಾಸಗಳಾದ ಮೇಲೆ ಯಾವ ಜಾಕೆಟ್ ನಿಮ್ಮದು ಎಂದು ನಿಮ್ಮ ಭುಜವೇ ಹೇಳುತ್ತದೆ. ಬೆನ್ನಿಗೆ ಮಾತ್ರ ಗಾಳಿ ತುಂಬುವ ಮಾದರಿ ಹಿಡಿಸುತ್ತದೋ, ಸುತ್ತಲೂ ತುಂಬುವುದೋ, ಅದನ್ನು ಈಗಲೇ ನಾನು ಹೇಳಲಾರೆ. ನಮ್ಮ ಬೆಚ್ಚನೆಯ ಕಡಲಿಗೆ ತೆಳು ಸೂಟು ಸಾಕು, ಹಾಗಾಗಿ ಅತಿ ದೊಡ್ಡ ಗಾಳಿಚೀಲದ ಆಸೆ ಬೇಡ. 12ರಿಂದ 15 ಕಿಲೋ ಎತ್ತುವಂಥದು ನಿಮಗೆ ಧಾರಾಳ. ಜೇಬು, ಕೊಕ್ಕೆ ಕಡಿಮೆಯಿದ್ದಷ್ಟೂ ಒಳ್ಳೆಯದು, ಬೇಗ ಒಣಗುತ್ತದೆ, ರೈಲಿನಲ್ಲಿ ಹೊರಲು ಹಗುರ.

ಪರಿಚಯದವರಿಗೆ ಇವತ್ತೇ ಹೇಳಿಬಿಡಿ, ಅವರೂ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಅಳತೆ ನನ್ನದಲ್ಲ ಎಂದರೆ ಸಾಕು, ಯಾರಿಗೂ ಬೇಸರವಾಗದು. ಜೊತೆಗೆ, ಬೇರೆ ಯಾರಿಗಾದರೂ ಮಾರುವ ಮುನ್ನ ಒಳಗೆ ತೊಳೆದು, ಸರ್ವಿಸ್ ಮಾಡಿಸಿ ಕೊಡಿ ಎಂದೂ ಹೇಳಿ.